ಹುಡುಗನ ವಿಚಾರ ಕೇಳಲು ಬಂದವರು

ಜಯನಗರ ಮೂರನೇ ಬ್ಲಾಕ್
5-8-1963

ಚಿ. ಸೌ. ಚೂಡಾಮಣಿಗೆ ಅಮ್ಮನ ಆಶೀರ್ವಾದ.

ಕ್ಷೇಮ ಎಂದು ಬರೆಯುವುದು ರೂಢಿ, ಬರೆದಿದ್ದೇನೆ. ನಂಬಬೇಡ. ನಿನ್ನ ತಮ್ಮ ಬದರಿಗೆ ಸರ್ಕಾರಿ ಕಾರ್ಖಾನೆಯ ಕೆಲಸ ಕೈತಪ್ಪಿತು. ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದಿದ್ದ. ಪೊಲೀಸ್ ವಿಚಾರಣೆಯಲ್ಲಿ ಸರಿಬರಲಿಲ್ಲವಂತೆ. ಏಕೆಂದು ಕೇಳಿದರೆ ಹೇಳುವುದಿಲ್ಲವಂತೆ. ಇದೆಂಥ ನ್ಯಾಯ?

ಪಕ್ಕದ ಮನೆಯ ಕಿಟ್ಟಿಯೇ ಚಾಡಿ ಹೇಳಿರಬೇಕೆಂದು ಬದರಿಗೆ ಅನುಮಾನ. ಚಿಕ್ಕಂದಿನ ಸ್ನೇಹಿತನ ಜೊತೆ ಮಾತು ಬಿಟ್ಟಿದ್ದಾನೆ. ನಾನೂ ಹೂಂ ಎಂದಿದ್ದೇನೆ. ನಿಜ ನಿನಗೊಬ್ಬಳಿಗೆ ಹೇಳುತ್ತೇನೆ. ಅಂಚೆಯ ಮೇಲೆ ನಂಬಿಕೆಯಿಲ್ಲ, ಮೈಸೂರಿಗೆ ಹೊರಟ ಅಂಜನಮ್ಮನ ಕೈಲಿ ಕಳಿಸುತ್ತೇನೆ. ಓದಿ ಒಲೆಗೆ ಹಾಕು.

ಯುಗಾದಿ ಕಳೆದ ಮೇಲೆ ಒಬ್ಬರು ಬಂದಿದ್ದರು. ಕಚ್ಚೆಪಂಚೆ, ಹಣೆಯಲ್ಲಿ ಅಕ್ಷತೆ, ಕೈಯಲ್ಲಿ ಕೊಡೆ. “ನಿಮ್ಮ ಹುಡುಗನ ವಿಚಾರ ತಿಳ್ಕೊಂಡು ಹೋಗೋಣಾಂತ ಬಂದೆ ತಾಯಿ” ಎಂದರು. ಹೆಣ್ಣು ಹೆತ್ತವರಲ್ಲದೆ ಇನ್ಯಾರು ಹಾಗೆ ಬರುತ್ತಾರೆ, ನೀನೇ ಹೇಳು! ಕಾಫಿ, ಕೋಡುಬಳೆ ಕೊಟ್ಟೆ. ಸಾಯಂಕಾಲ ಎಲ್ಲಿಗೆ ಹೋಗುತ್ತಾನೆ, ಯಾರ ಜೊತೆ ಓಡಾಡುತ್ತಾನೆ ಎಂದೆಲ್ಲ ಕೇಳಿದರು. ಮಗಳ ಮೇಲೆ ಎಷ್ಟು ಕಾಳಜಿ ಎಂದುಕೊಂಡೆ, ಪೆದ್ದಿ.

ಬದರಿ ಬೊಮ್ಮನಹಳ್ಳಿಯ ಇಟ್ಟಿಗೆ ಗೂಡಿನ ಆಳುಗಳಿಗೆ ಅ ಆ ಇ ಈ ಕಲಿಸುತ್ತಾನೆ, ಅಷ್ಟೇ. ಬೀಗರಾಗುವವರ ಎದುರು ಅಷ್ಟೇ ಎನ್ನಲಾಗುತ್ತದೆಯೇ? “ನಮ್ಮ ಹುಡುಗ ಕೈ ಎತ್ತಿದ್ರೆ ನೂರು ಜನ ಕೆಲಸ ನಿಲ್ಲಿಸ್ತಾರೆ” ಎಂದುಬಿಟ್ಟೆ. ಅವರು ಇನ್ನೊಂದು ಕೋಡುಬಳೆ ತೆಗೆದುಕೊಂಡರು. ಹೋಗುವಾಗ ಜಾತಕವನ್ನೂ ಕೊಟ್ಟು ಕಳಿಸಿದೆ.

ಮೊನ್ನೆ ನಾಲ್ಕನೇ ಬ್ಲಾಕಿನಲ್ಲಿ ಆ ಮನುಷ್ಯ ಪೊಲೀಸ್ ಜೀಪಿನಿಂದ ಇಳಿಯುವುದನ್ನು ಕಂಡೆ. ನನ್ನ ಮಗ ಹುಟ್ಟಿದ ಗಳಿಗೆ ಸಮೇತ ಈಗ ಅವರ ಫೈಲಿನಲ್ಲಿದೆ.

ತರಕಾರಿಯವಳು “ಚೆನ್ನಾಗಿದೀರಾ ಅಮ್ಮಾ” ಎಂದರೂ ಇವಳಿಗೇಕೆ ಬೇಕು ಎನ್ನಿಸುತ್ತದೆ. ಬದರಿಗೆ ಹೇಳಲು ಬಾಯಿ ಬರುವುದಿಲ್ಲ. ಪಾಪ, ಕಿಟ್ಟಿ ನಮ್ಮ ಗೇಟಿನ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತಾನೆ. ನೋಡಲಾಗದೆ ನಾನು ಒಳಗೆ ಬರುತ್ತೇನೆ.

ಇಂತಿ, ನಿನ್ನನ್ನೇ ನಂಬಿರುವ
ಅಮ್ಮ, ಸೀತಾಲಕ್ಷ್ಮಿ

ತಾ.ಕ.: ಅಂಜನಮ್ಮ ಬರುವಷ್ಟರಲ್ಲಿ ಇನ್ನೊಬ್ಬರು ಬಂದಿದ್ದರು. ಮಗಳು ಯಾವ ಊರಿನಲ್ಲಿದ್ದಾಳೆ, ಅಳಿಯಂದಿರಿಗೆ ಯಾವ ಇಲಾಖೆ ಎಂದು ಕೇಳಿದರು. ನನಗೆ ಮಗಳೇ ಇಲ್ಲ ಎಂದು ಬಾಗಿಲು ಹಾಕಿಕೊಂಡೆ. ಗೌರಿ ಹಬ್ಬಕ್ಕೆ ಈ ಸಲ ನೀನು ಬರಬೇಡ ಕಂದಾ.