ಆಖೇರಕ್ಕೆ ನಕ್ಕ ಸಾಹೇಬರಿಗೆ

ಮಾನ್ಯರೇ,

ನಮ್ಮ ಜಿಲ್ಲೆಯ ಪ್ರಬಂಧ ಸ್ಪರ್ಧೆಗೆ ಮುಖ್ಯ ತೀರ್ಪುಗಾರರಾಗಿ ಭಾಲ್ಕಿಗೆ ಬಂದಿದ್ದ ಅಧಿಕಾರಿ ತಾವೇ. ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ಕೈಯಿಂದ ನೀವು ಪೆನ್ನು ಕಸಿದಿದ್ದೀರಿ. ಅದನ್ನು ನಿಮ್ಮಿಂದಲೇ ವಾಪಸು ಕೊಡಿಸುವವರೆಗೆ ನಾನು ನಿಮ್ಮನ್ನು ಬಿಡುವುದಿಲ್ಲ.

ನಾನು ಔರಾದ ತಾಲೂಕಿನ ಒಂದು ಶಾಲೆಯ ಕನ್ನಡ ಶಿಕ್ಷಕಿ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಹಲಗೆಯ ಮೇಲೆ ಬರೆದ ದಿನ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಉಪಸಂಹಾರದಾಗ ಯಾರಿಗಿ ಹೊಡಿತಾರ್ರಿ ಮೇಡಂ?" ಮನೆಯಲ್ಲಿ ಮರಾಠಿ, ಬಜಾರಿನಲ್ಲಿ ದಖನಿ ಉರ್ದು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳಿವು. ಸುರು, ನಡು, ಆಖೇರ ಎಂದೆ, ತಕ್ಷಣ ತಿಳಿಯಿತು. ಮೊದಲು ಅಂಶಗಳನ್ನು ಗೀಚಿಕೊಳ್ಳಿ, ಕಚ್ಚಾ ಬರೆದು ಗಟ್ಟಿಯಾಗಿ ಓದಿ, ಬೇಡದ್ದನ್ನು ಹೊಡೆದುಹಾಕಿ, ಆಮೇಲೆ ಪಕ್ಕಾ ಬರೆಯಿರಿ ಎಂದು ಕಲಿಸಿದೆ. ಮುಂದೆಯೂ ಹೀಗೇ ಕಲಿಸುತ್ತೇನೆ.

ಸ್ಪರ್ಧೆಯ ವಿಷಯ 'ಸಮಯದ ಮಹತ್ವ'. ಬೆಳಿಗ್ಗೆ ಬರಬೇಕಾದ ನೀವು ಮಕ್ಕಳ ಊಟವಾದ ಮೇಲೆ ಬಂದಿರಿ, ಅದಿರಲಿ. ನನ್ನ ವಿದ್ಯಾರ್ಥಿನಿ ಪ್ರಣಿತಾ ತನ್ನ ಅಜ್ಜಿಯ ಬಗ್ಗೆ ಬರೆದಿದ್ದಳು. ಕಣ್ಣು ತೋರಿಸಲು ಬೀದರಕ್ಕೆ ಹೊರಟ ಶಾಲುಬಾಯಿ, ಬಸ್ಸು ತಡವಾಗಿ, ಡಾಕ್ಟರು ಎದ್ದು ಹೋದ ಮೇಲೆ ತಲುಪಿದ ಸಂಗತಿ ಅದು. 'ಸಮಯ ಎಲ್ಲರಿಗೂ ಒಂದೇ ಎನ್ನುತ್ತಾರೆ. ಆದರೆ ಕಾಯುವವರೇ ಯಾವಾಗಲೂ ಕಾಯುತ್ತಾರೆ' ಎಂದು ಮುಗಿಸಿದ್ದಳು. ಗಡಿಬಿಡಿಯಲ್ಲಿ, ಆ ಸಾಲುಗಳ ಮೇಲೆ ಉಪಸಂಹಾರ ಎನ್ನುವ ಬದಲು 'ಆಖೇರ' ಎಂದು ಬರೆದುಬಿಟ್ಟಿದ್ದಳು.

ಆ ಸಾಲುಗಳನ್ನು ನೀವು ಓದಲಿಲ್ಲ. ಅವಳನ್ನು ವೇದಿಕೆಗೆ ಕರೆದು, ಮೈಕಿನಲ್ಲಿ, "ಆಖೇರ್! ಏನಮ್ಮಾ, ಇದು ಪ್ರಬಂಧವೋ ಕವ್ವಾಲಿಯೋ? ಮೊದಲು ಕನ್ನಡ ಕಲಿ" ಎಂದು ನಕ್ಕಿರಿ. ಮಕ್ಕಳು ನಕ್ಕರು, ನಿಮ್ಮ ಹಿಂದೆ ಕೂತ ದೊಡ್ಡವರು ಇನ್ನೂ ಜೋರಾಗಿ ನಕ್ಕರು.

ಅಂದಿನಿಂದ ಪ್ರಣಿತಾ ಒಂದು ಸಾಲೂ ಬರೆದಿಲ್ಲ. ಬೀದರದ ಹತ್ತಿರ ಕೊಳಾರದ ಗೋದಾಮಿನಲ್ಲಿ ದುಡಿಯುವ ಅವಳ ತಂದೆ ನಾಗಸೇನ ಶಾಲೆಗೆ ಬಂದು, "ನಾಕ್ ಮಂದ್ಯಾಗ ನಮ್ಮ ಪೋರಿ ಇಜ್ಜತ್ ತಗದಾರ್ರಿ ಮೇಡಂ. ಇಕಿಗಿ ಗಡಿ ಆಚಿ ಉದಗೀರದಾಗ ಮರಾಠಿ ಸಾಲಿಗಿ ಹಾಕ್ತೇನಿ, ಟಿಸಿ ಕೊಡ್ರಿ" ಎಂದರು. ಹುಡುಗಿಯನ್ನು ಕೇಳಿದೆ. "ನನಗ ಕನ್ನಡ ಬರಲ್ಲಂತ ಸಾಹೇಬ್ರೇ ಅಂದಾರಲ್ರಿ" ಎಂದಳು. ಗಡಿಯಲ್ಲಿ ಕನ್ನಡ ಉಳಿಸಿ ಎಂದು ಪ್ರತಿ ನವೆಂಬರಿನಲ್ಲಿ ಗಂಟಲು ಹರಿದುಕೊಳ್ಳುವವರು ನೀವೇ ಅಲ್ಲವೇ?

ಇಷ್ಟು ಸಾಲದೆಂದು ಒಂದು ಸುತ್ತೋಲೆಯನ್ನೂ ಹೊರಡಿಸಿದಿರಿ: ಪ್ರಬಂಧದಲ್ಲಿ ಅನ್ಯಭಾಷಾ ಪದ ಕಂಡುಬಂದರೆ ಅಂಕ ಕಡಿತ. ಅದೇ ಸುತ್ತೋಲೆಯಲ್ಲಿ ಜಿಲ್ಲೆ, ತಾಲೂಕು, ಹಾಜರಿ, ದಾಖಲೆ ಎಲ್ಲ ಆರಾಮಾಗಿ ಕೂತಿವೆ. ಇವು ಎಲ್ಲಿಂದ ಬಂದವು, ಸಾಹೇಬರೇ? ಸಾಹೇಬ ಎಂಬುದಾದರೂ ಎಲ್ಲಿಂದ ಬಂತು? ನೀವು ಕೂತ ಕುರ್ಚಿಯೂ ಆಖೇರದ ಬಳಗದ್ದೇ. ಅನ್ಯರನ್ನೆಲ್ಲ ಓಡಿಸಿದರೆ ನೀವು ನೆಲದ ಮೇಲೆ ಕೂರಬೇಕಾಗುತ್ತದೆ.

ಆ ಸುತ್ತೋಲೆಯನ್ನು ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಅದಕ್ಕೆ ಸುರುವೇ ಇಲ್ಲ. 'ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ನಡುವಿನಲ್ಲೇ ಹುಟ್ಟಿದೆ. ನಡುವಿನಲ್ಲಿ ಒಂದೇ ವಾಕ್ಯ ಪುಟದುದ್ದ ಎಳೆದಾಡಿದೆ. ಕೊನೆಗೆ ಬೆದರಿಕೆ ಇದೆ, ಉಪಸಂಹಾರವಿಲ್ಲ. ಬರೆದವರು ಒಮ್ಮೆ ಗಟ್ಟಿಯಾಗಿ ಓದಿಕೊಂಡ ಲಕ್ಷಣವೂ ಇಲ್ಲ.

ನನ್ನ ಬೇಡಿಕೆ ಇಷ್ಟೇ. ನಾಗಸೇನ ಟಿಸಿ ಒಯ್ಯುವ ಮೊದಲು ನಮ್ಮ ಶಾಲೆಗೆ ಬನ್ನಿ. ಮೈಕು ನಾವೇ ತರಿಸುತ್ತೇವೆ. ಪ್ರಣಿತಾಳ ಪ್ರಬಂಧವನ್ನು ಎಲ್ಲರೆದುರು ಪೂರ್ತಿ ಓದಿ, ಅವಳ ಹೆಸರು ಹಿಡಿದು ತಪ್ಪಾಯಿತು ಎನ್ನಿ. ಬರದಿದ್ದರೆ, ಪ್ರಬಂಧ ಹೇಗೆ ಬರೆಯಬಾರದು ಎಂಬ ಪಾಠಕ್ಕೆ ನಿಮ್ಮ ಸುತ್ತೋಲೆಯನ್ನೇ ಹಲಗೆಯ ಮೇಲೆ ಬರೆಸಿ ಮಕ್ಕಳಿಂದ ತಿದ್ದಿಸುತ್ತೇನೆ. ನೀವು ಹಾರ ಹಾಕಿಸಿಕೊಂಡು ನಿವೃತ್ತರಾಗಿ ಹೋದ ಮೇಲೂ ಔರಾದದ ಮಕ್ಕಳು ವರ್ಷವರ್ಷವೂ ನಿಮಗೆ ಸೊನ್ನೆ ಹಾಕಿಯೇ ಕನ್ನಡ ಕಲಿಯುತ್ತಾರೆ.

ಇಂತಿ,
ಮುಂದಿನ ವರ್ಗಾವಣೆ ಪಟ್ಟಿಯಲ್ಲಿ ಮೊದಲ ಹೆಸರಾಗಲಿರುವ
ವೃಂದಾ, ಕನ್ನಡ ಶಿಕ್ಷಕಿ