ಕ್ರಾಸಿನಲ್ಲಿ ಹತ್ತದವನು

ಹಂಪಸಾಗರ
೧೨-೨-೨೦೨೫

ಕಾಂತೇಶನಿಗೆ,

ಮೂವತ್ತು ವರ್ಷ ನಿನ್ನ ಹೆಸರಿನ ಹಿಂದೆ ‘ಪ್ರೀತಿಯ’ ಎಂದು ಬರೆದ ಕೈ ಇಂದು ಅದನ್ನು ಬಿಟ್ಟಿದೆ. ಮರೆತು ಬಿಟ್ಟದ್ದಲ್ಲ. ಕೊಟ್ಟೂರಿನ ನಿನ್ನ ಬಟ್ಟೆ ಅಂಗಡಿ ಚೆನ್ನಾಗಿ ನಡೆದಿದೆಯಂತೆ, ಸಂತೋಷ. ಉತ್ತರ ತಡವಾಯಿತು, ಕ್ಷಮಿಸು. ರಮಾಳ ತಿಂಗಳ ಕಾರ್ಯವಿತ್ತು. ಅದಕ್ಕೂ ನೀನು ಬರಲಿಲ್ಲ, ಪತ್ರ ಬಂತು. ನಿನ್ನ ಪದ್ಧತಿಯೇ ಅದು, ಕಾಗದ ಮುಂದೆ, ಮನುಷ್ಯ ಹಿಂದೆ.

ಪತ್ರದೊಳಗೆ ನೀನೇ ಟೈಪ್ ಮಾಡಿಸಿದ ಹೇಳಿಕೆ ಇದೆ: ‘ಆ ದಿನ ಕಾಂತೇಶ್ ಕ್ರಾಸಿನಲ್ಲಿ ಆಂಬ್ಯುಲೆನ್ಸ್ ಹತ್ತಿ ರೋಗಿಯ ಪಕ್ಕ ಕೂತಿದ್ದರು.’ ನಾನು ಸಹಿ ಹಾಕಿದರೆ ನಿನ್ನ ಸರ್ಟಿಫಿಕೇಟೂ ಉಳಿಯುತ್ತದೆ, ನನ್ನ ಆಂಬ್ಯುಲೆನ್ಸ್ ವ್ಯಾನಿನ ಪರವಾನಗಿಯೂ ಉಳಿಯುತ್ತದೆ ಎಂದಿದ್ದೀಯ. ನನ್ನ ಹೆಂಡತಿ ರಮಾ ಮಾತ್ರ ಉಳಿಯಲಿಲ್ಲ, ಅಷ್ಟೆ.

ನೆನಪಿದೆಯೇ? ಪರವಾನಗಿಯಲ್ಲಿ, ತುರ್ತು ಚಿಕಿತ್ಸೆಯ ತರಬೇತಿ ಪಡೆದವನೊಬ್ಬ ರೋಗಿಯ ಪಕ್ಕ ಇರಲೇಬೇಕೆಂಬ ಷರತ್ತು ಓದಿ ನಾನು ಹೆದರಿದಾಗ ನೀನು ನಕ್ಕಿದ್ದೆ. “ಲೇ ಪಾಲಾಕ್ಷ, ತಪಾಸಣಿಗೆ ಬಂದೋರು ಹಾಳಿ ನೋಡ್ತಾರ, ಆಳು ನೋಡಂಗಿಲ್ಲ. ನನ್ನ ಸರ್ಟಿಫಿಕೇಟು ಇಟ್ಕ, ಬಾಡಿಗಿ ಕೊಡು.” ಅದನ್ನೇ ನೀನು ಕೂಡ್ಲಿಗಿಯ ವ್ಯಾನಿಗೂ ಕೊಟ್ಟೆ, ಹಡಗಲಿಯದಕ್ಕೂ ಕೊಟ್ಟೆ. ನಾನೂ ಪದ್ಯ ಕಟ್ಟಿ ನಗುತ್ತಿದ್ದೆ:

ಕೂಡ್ಲಿಗಿಯಲ್ಲೂ ನೀನು, ಹಡಗಲಿಯಲ್ಲೂ ನೀನು,
ಕರೆದಾಗ ಮಾತ್ರ ಕೈಜಾರಿದ ಮೀನು.

ಈಗ ಪ್ರಾಸ ಇದೆ, ನಗು ಇಲ್ಲ.

ಆ ದಿನ ನಾನು ವ್ಯಾನು ಓಡಿಸುತ್ತಿದ್ದೆ. ಹಿಂದೆ ರಮಾಳ ತಂಗಿ ಶಿವಬಸಮ್ಮ ಆಕ್ಸಿಜನ್ ಮಾಸ್ಕನ್ನು ಅಕ್ಕನ ಮುಖಕ್ಕೆ ಒತ್ತಿ ಹಿಡಿದು ಕೂತಿದ್ದಳು. ಹಗರಿಬೊಮ್ಮನಹಳ್ಳಿ ಮುಟ್ಟಿದಾಗ ಆಸ್ಪತ್ರೆಯ ನರ್ಸ್ ಸಿಲಿಂಡರಿನ ವಾಲ್ವ್ ಮುಟ್ಟಿ ನೋಡಿ, “ಇದನ್ನ ತಿರುವೇ ಇಲ್ಲಲ್ರೀ” ಅಂದಳು. ತುಂಬಿದ ಸಿಲಿಂಡರು, ಖಾಲಿ ಮಾಸ್ಕು. ಶಿವಬಸಮ್ಮ ಇಂದಿಗೂ ಕೇಳುತ್ತಾಳೆ, “ಮಾವ, ನಾ ಕೈ ಸಡ್ಲ ಬಿಟ್ಟೇ ಇಲ್ಲ. ಗಟ್ಟಿ ಹಿಡಿದಿದ್ದೆ. ನನ್ನದೇನು ತಪ್ಪು?” ಅವಳಿಗೆ ಏನು ಹೇಳಬೇಕೆಂದು ಅದೇ ಹಾಳೆಯಲ್ಲಿ ಟೈಪ್ ಮಾಡಿಸಿ ಕಳಿಸು.

ವಿಚಾರಣೆಗೆ ಬಂದ ಅಧಿಕಾರಿ ಕೇಳಿದರು, “ಹಿಂದ ಯಾರಿದ್ರು, ಖರೇ ಹೇಳ್ರಿ.” ಖರೆ ಹೇಳಿದೆ. ನಿನ್ನ ಸರ್ಟಿಫಿಕೇಟನ್ನು ವ್ಯಾನಿನ ಗಾಜಿಗೆ ಅಂಟಿಸಿದ್ದು ಈ ಕೈಯೇ ಎಂಬುದನ್ನೂ ಹೇಳಿದೆ. ಪರವಾನಗಿ ಹೋಯಿತು. ನಿನ್ನದೂ ಹೋಗುತ್ತದೆ. ಇನ್ನು ಬೇಕಾದರೆ ಬಂದು ಬೈದು ಹೋಗು. ಹಾಗಾದರೂ ಒಮ್ಮೆ ಖುದ್ದಾಗಿ ಬಂದಂತಾಗುತ್ತದೆ.

ನಿನ್ನ ಹೆಂಡತಿ ಶಿವಲೀಲಾಗೆ, ಮಕ್ಕಳಿಗೆ ನನ್ನ ಆಶೀರ್ವಾದ. ಅವರಿಗೆ ಉಸಿರಾಟದ ತೊಂದರೆ ಎಂದೂ ಬಾರದಿರಲಿ. ನಿನಗೆ ಏನೂ ಹಾರೈಸಲು ಬರುತ್ತಿಲ್ಲ.

ಇಂತಿ,
ಪಾಲಾಕ್ಷ

ತಾ.ಕ.: ವ್ಯಾನು ಹೊರಟಾಗ ರಮಾ ಗಾಜಿನ ಮೇಲಿನ ಸರ್ಟಿಫಿಕೇಟಿನಲ್ಲಿದ್ದ ನಿನ್ನ ಫೋಟೋ ನೋಡಿದಳು. “ಕಾಂತೇಶಣ್ಣ ಕ್ರಾಸಿನ್ಯಾಗ ಹತ್ತತಾನಲ್ರೀ?” ಅಂದಳು. ನಾನು ಹಿಂದೆ ತಿರುಗದೆ, “ಹೂಂ, ಹತ್ತತಾನ” ಅಂದೆ. ನೀನು ಟೈಪ್ ಮಾಡಿಸಿದ ಹೇಳಿಕೆಯನ್ನು ನಾನು ಆಗಲೇ ಒಮ್ಮೆ ಕೊಟ್ಟಾಗಿದೆ. ಅವಳು ನಂಬಿದಳು.