ಮಾತು ಬಿಟ್ಟವರು

ಜನವರಿ 5, 2007. ಮಧ್ಯಾಹ್ನ

ಊಟದ ತಟ್ಟೆ ತೊಳೆದಿಟ್ಟು ಬಂದು ಕೂತೆ. ಗಂಟೆ ಹೊಡೆಯುವವರೆಗೆ ಬಿಡುವು. ನಿನ್ನೆ ಸಂಜೆಯಿಂದ ಬಾಯಿಗೆ ಬೀಗ. ಮೊಬೈಲು ಕೊಟ್ಟಾಯಿತು. ಬರೆಯುವುದೂ ಕೂಡದಂತೆ — ಪೆನ್ನು ಮಾತ್ರ ನಾನು ಕೊಡದೆ ಬಚ್ಚಿಟ್ಟುಕೊಂಡೆ. ಇಷ್ಟೂ ಇಲ್ಲದಿದ್ದರೆ ನನ್ನ ತಲೆ ಸಿಡಿದೀತು.

ಬಾಳಗಡಿಯ ನನ್ನ ಟೈಲರಿಂಗ್ ಅಂಗಡಿಯಲ್ಲಿ ದಿನವಿಡೀ ಮೆಷಿನ್ನು, ರೇಡಿಯೋ, ಬ್ಲೌಸು ಬಿಗಿಯಾಯಿತೆಂದು ಜಗಳಕ್ಕೆ ಬರುವ ಹೆಂಗಸರು. ನಿದ್ದೆ ಹೋಗಿ ವರ್ಷವಾಯಿತು. ಪಕ್ಕದ ಮನೆ ಸೀತಕ್ಕ ಇಲ್ಲಿ ಅಡುಗೆ ನೋಡಿಕೊಳ್ಳುತ್ತಾರೆ. ಅವರೇ ಗಂಟುಬಿದ್ದರು. "ಶೆಟ್ಟಿಕೊಪ್ಪದಿಂದ ಆಚೆ ಗುಡ್ಡದ ಮೇಲೆ ಬುದ್ಧನ ಗುಡಿ ಇದೆ ಮಾರಾಯ್ತಿ. ಹತ್ತು ದಿನ ಬಾಯಿ ಮುಚ್ಕಂಡು ಕೂತ್ಕ. ಮಾತ್ರೆ ಬೇಡ, ಎಂತದೂ ಬೇಡ."

ಒಳಗೆ ಬಂದರೆ ಎದುರಿಗೆ ಯಾರು? ಪ್ರೇಮಕ್ಕ. ನನ್ನ ಒಡಹುಟ್ಟಿದ ಅಕ್ಕ. ನಾವಿಬ್ಬರೂ ಮಾತು ಬಿಟ್ಟು ಆರು ವರ್ಷ. ಇಲ್ಲಿ ಹತ್ತು ದಿನದ ಮೌನವಂತೆ... ನಮಗೆ ಅದೇನು ಮಹಾ.

ಜನವರಿ 6

ಕಾಲು ಜೋಮು. ಬೆನ್ನು ಸೆಳೆಯುತ್ತದೆ. ಬುದ್ಧ ದೊಡ್ಡವನೇನಲ್ಲ, ಕಪ್ಪು ಕಲ್ಲು, ಮುಂದೊಂದು ದೀಪ. ಜಾಗಟೆ ಇಲ್ಲ, ಮಂಗಳಾರತಿ ಇಲ್ಲ, ತೀರ್ಥ ಇಲ್ಲ. ಏನು ಬೇಡಿಕೊಳ್ಳಬೇಕೋ ತಿಳಿಯದೆ ಸುಮ್ಮನೆ ನೋಡಿದೆ. ಅವನೂ ಏನೂ ಕೇಳಲಿಲ್ಲ.

ತಲೆಯೊಳಗೆ ಒಂದೇ ಗಲಾಟೆ. ಅಮ್ಮ ತೀರಿಹೋಗಿದ್ದು ನನ್ನ ಮನೆಯಲ್ಲಿ. ವೈಕುಂಠ ಸಮಾರಾಧನೆಯ ದಿನ ಎಲೆ ಹಾಕಿದ ಪಂಕ್ತಿಯ ಮುಂದೆ ನಿಂತು ಅಕ್ಕ ಅಂದಳು: "ಇವಳು ಸರಿಯಾಗಿ ನೋಡ್ಕಂಡಿದ್ರೆ ಇನ್ನೆರಡು ವರ್ಷ ಇರ್ತಿತ್ತು ಜೀವ." ಅಮ್ಮನ ಬಟ್ಟೆ ಒಗೆದದ್ದು ಯಾರು, ಬಾಯಿಗೆ ಗಂಜಿ ಹಾಕಿದ್ದು ಯಾರು? ಅವಳಿಗೆ ಕೊಡಬೇಕಾದ ಉತ್ತರ ಅಂದಿನಿಂದಲೂ ನಾಲಿಗೆಯ ತುದಿಯಲ್ಲೇ ಇದೆ.

ಜನವರಿ 8

ಏನಾಯಿತೋ, ಬರೆಯಲು ಬರುವುದಿಲ್ಲ.

ಬೆಳಿಗ್ಗೆ ಕೂತಿದ್ದೆ. ಹೊರಗೆ ಇಬ್ಬನಿ ಎಲೆಯಿಂದ ಹೆಂಚಿಗೆ ತೊಟ್ಟಿಕ್ಕುತ್ತಿತ್ತು. ಒಂದು ಹನಿ. ಇನ್ನೊಂದು. ಕೇಳುತ್ತಾ ಕೇಳುತ್ತಾ ಹನಿಯ ಸದ್ದು ಹಿಂದೆ ಸರಿಯಿತು, ಎರಡು ಹನಿಗಳ ನಡುವೆ ಇರುವುದು ಕೇಳತೊಡಗಿತು. ಅಬ್ಬಾ, ಅದೆಷ್ಟು ದೊಡ್ಡದು. ಗುಡ್ಡ, ಗುಡಿ, ನಾನು, ಎಲ್ಲ ಅದರೊಳಗೆ. ಹೆದರಿಕೆಯಾಯಿತು. ಕಣ್ಣಲ್ಲಿ ನೀರು. ನಲವತ್ತೆಂಟು ವರ್ಷ ಇದು ಎಲ್ಲಿತ್ತು? ಇಲ್ಲೇ ಇದ್ದಿರಬೇಕು. ನಾನೇ ಬಾಯಿ ಮುಚ್ಚಿರಲಿಲ್ಲ.

ಮಧ್ಯಾಹ್ನ ಚಾಪೆಯ ಮೇಲೆ ನಿದ್ದೆ ಬಂತು. ಮಾತ್ರೆಯಿಲ್ಲದೆ.

ಪ್ರೇಮಕ್ಕ ಮಾತ್ರ ಮೊದಲ ದಿನದಿಂದಲೂ ಅಲ್ಲಾಡದೆ ಕೂರುತ್ತಾಳೆ. ಯಾರೋ ಕೆಮ್ಮಿದರೂ ರೆಪ್ಪೆ ಮಿಸುಕುವುದಿಲ್ಲ. ಹೊಟ್ಟೆ ಉರಿಯಿತು. ಇದರಲ್ಲೂ ಇವಳೇ ಮುಂದೆ!

ಜನವರಿ 11. ಸಂಜೆ



ಗಂಟೆ ಹೊಡೆಯಿತು. ಎಲ್ಲರೂ ಎದ್ದು ಹೊರಟರು. ದಿನಾ ಪಕ್ಕದವರು ಏಳುವಾಗ ಏಳುತ್ತಿದ್ದ ಪ್ರೇಮಕ್ಕ ಇವತ್ತು ಕಣ್ಣು ಮುಚ್ಚಿ ಕೂತೇ ಇದ್ದಳು. ಮತ್ತೊಮ್ಮೆ ಹೊಡೆಯಿತು, ಅವಳ ಬೆನ್ನ ಹಿಂದೆಯೇ. ಇಲ್ಲ. ಹತ್ತಿರ ಹೋಗಿ ಭುಜ ಮುಟ್ಟಿದೆ. ಬೆಚ್ಚಿ ಕಣ್ಣು ಬಿಟ್ಟಳು.

"ಗಂಟೆ ಆಯ್ತೇನೇ?"

ಗುಡಿಯೆಲ್ಲ ಮೊಳಗುವಷ್ಟು ಗಟ್ಟಿ. ಎಷ್ಟು ಗಟ್ಟಿ ಅಂದಳೆಂದು ಅವಳಿಗೇ ಗೊತ್ತಿಲ್ಲ. ಭಂತೇಜಿ, ಅಂದರೆ ಇಲ್ಲಿನ ಭಿಕ್ಷು, ತಿರುಗಿ ನೋಡಿದರು. ನಾನು ತಲೆಯಾಡಿಸಿದೆ. ಆರು ವರ್ಷದ ಮೇಲೆ ನನ್ನ ಜೊತೆ ಅಕ್ಕನ ಮೊದಲ ಮಾತು.

ಅವಳಿಗೆ ಕಿವಿ ಕೇಳುವುದಿಲ್ಲ!

ಹೋದ ವರ್ಷ ನರಸಿಂಹರಾಜಪುರದ ಮದುವೆಯಲ್ಲಿ ಸಿಟ್ಟೆಲ್ಲ ನುಂಗಿ ಹಿಂದಿನಿಂದ "ಅಕ್ಕಾ" ಎಂದು ಕರೆದಿದ್ದೆ. ತಿರುಗಲಿಲ್ಲ. ಕೊಬ್ಬು ಅಂದುಕೊಂಡೆ. ಅಯ್ಯೋ ದೇವರೇ.

ಜನವರಿ 13

ಈಗ ಅವಳ ಪಕ್ಕದಲ್ಲೇ ನನ್ನ ಚಾಪೆ. ಗಂಟೆಯಾದ ಕೂಡಲೇ ಅವಳ ಕಿರುಬೆರಳು ಮುಟ್ಟುತ್ತೇನೆ. ಏಳುತ್ತಾಳೆ. ಅಷ್ಟೇ. ಇದಕ್ಕಿಂತ ದೊಡ್ಡ ಮಾತು ನಾನು ಯಾರ ಜೊತೆಯೂ ಆಡಿಲ್ಲ ಅನಿಸುತ್ತದೆ.

ನಾನು ಹುಡುಕಿಕೊಂಡು ಬಂದ ಮೌನ ನಾಳೆ ಮುಗಿಯುತ್ತದೆ. ಅವಳದ್ದು ಮುಗಿಯುವುದಿಲ್ಲ. ಎರಡು ಹನಿಗಳ ನಡುವೆ ನನಗೆ ಕೇಳಿದ ಆ ದೊಡ್ಡದರೊಳಗೆ ಒಬ್ಬಳೇ ಇದ್ದಾಳೆ.

ನಾಳೆ ಏನು ಹೇಳಲಿ? ಕೂಡಿಟ್ಟ ಉತ್ತರವನ್ನು ಕೂಗಿ ಹೇಳಲೇ? ಸುಮ್ಮನೆ ಬಸ್ಸು ಹತ್ತಿದರೆ ಇನ್ನು ಈ ಜನ್ಮಕ್ಕೆ ಇಲ್ಲ, ಅದೊಂದು ಗೊತ್ತು.

ಜನವರಿ 14. ಬೆಳಿಗ್ಗೆ

ಮೌನ ಬಿಟ್ಟರು. ಎಲ್ಲರೂ ಒಟ್ಟಿಗೇ ಬಾಯಿ ತೆರೆದರು, ಸಂತೆಯೇ ಸರಿ. ಪ್ರೇಮಕ್ಕನ ಮುಖ ಸಣ್ಣಗಾಯಿತು. ಮೆಲ್ಲಗೆ ಜಾರಿ ಮೆಟ್ಟಿಲ ಮೇಲೆ ಹೋಗಿ ಕೂತಳು. ನಾನೂ ಹೋದೆ.

"ಇಷ್ಟು ದಿನ ಚೆನ್ನಾಗಿತ್ತು ಕಣೇ. ಯಾರೂ ಮಾತಾಡ್ತಿರಲಿಲ್ಲ. ನಾನೂ ಎಲ್ಲರ ಹಾಗೇ ಇದ್ದೆ."

ನಾನು ಅವಳ ಪಕ್ಕಕ್ಕೆ ಸರಿದು ಕೂತೆ.

"ಕೂಗಿ ಕೂಗಿ ಸಾಕಾಗಿ ಮನೇಲೂ ಎಲ್ಲ ಮಾತು ಬಿಟ್ರು. ನಿನ್ನ ಹಾಗೆ ಸಿಟ್ಟಿಂದ ಅಲ್ಲ. ಬೇಜಾರಿಂದ."

ಕೂಡಿಟ್ಟಿದ್ದೆಲ್ಲ ಎಲ್ಲಿ ಹೋಯಿತೋ. ಅವಳ ಕಿವಿಗೆ ಬಾಯಿಟ್ಟು "ಅಕ್ಕಾ" ಅಂದೆ.

"ಎಂತ?"

ಗಟ್ಟಿಯಾಗಿ ಅಂದೆ. ಅಂಗಳದಲ್ಲಿದ್ದವರೆಲ್ಲ ತಿರುಗಿದರು.

"ಈಗ ಸ್ವಲ್ಪ ಕೇಳ್ತು," ಅಂದಳು. "ಇನ್ನೊಂದ್ಸಲ ಹೇಳು."

ಎಷ್ಟು ಸಲ ಹೇಳಿದೆನೋ. ಗಂಟಲು ಕಟ್ಟಿದೆ.

ಬಸ್ಸು ಬಂತಂತೆ. ಚೀಲ ಕಟ್ಟುವುದು ಬಿಟ್ಟು ಬರೆಯುತ್ತಾ ಕೂತಿದ್ದೇನೆ. ಅಕ್ಕ ಆಗಲೇ ಇಳಿಜಾರಿನಲ್ಲಿ ಹೊರಟಿದ್ದಾಳೆ, ನಾನು ಹಿಂದೆಯೇ ಇದ್ದೇನೆಂದು ಅವಳ ಲೆಕ್ಕ. ಇಲ್ಲಿಂದ ಕೂಗಿದರೆ ಕೇಳುವುದಿಲ್ಲ. ಓಡಿಯೇ ಹೋಗಬೇಕು, ಬೆರಳು ಮುಟ್ಟಬೇಕು.